ನೀರು ಕುಡಿಯದ ಹಲಗೆ

ಬೇವಿನ ಹಲಗೆಗೆ ದಾಹ ಜಾಸ್ತಿ ಎಂಬುದು ಬಡಿಗೇರ ಹೊನ್ನೂರಪ್ಪನಿಗೆ ಅಪ್ಪನಿಂದ ಬಂದ ವಿದ್ಯೆ. ಕಾಲುವೆಗೆ ಬಾಗಿಲು ಮಾಡುವಾಗ ಹಲಗೆ ಹಲಗೆಯ ನಡುವೆ ಉಳಿಯ ಅಲಗು ತೂರುವಷ್ಟು ಸಂದು ಬಿಡಬೇಕು. ನೀರು ಕುಡಿದು ಉಬ್ಬಿದ ಹಲಗೆ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆನೆಗೊಂದಿಯ ಕಾಲುವೆಗೆ ಅವನು ಇಪ್ಪತ್ತೆಂಟು ವರ್ಷ ಹೀಗೆಯೇ ಬಾಗಿಲು ಮಾಡಿದ್ದ. ಅವೂ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಕೊಳೆತು ಅವನಿಗೆ ಕೆಲಸ ಕೊಟ್ಟಿದ್ದವು.

ಎರಡು ಸಾವಿರದ ಆರರಲ್ಲಿ ರೈತರ ಸಂಘದ ಅಧ್ಯಕ್ಷ ಹಂಪಣ್ಣ ಈ ಪದ್ಧತಿ ಕೆಡಿಸಿದ. ಗೋವೆಯಲ್ಲಿ ಹಳೆಯ ಹಡಗುಕಟ್ಟೆ ಕಿತ್ತಾಗ ಸಿಕ್ಕ ಆಫ್ರಿಕಾದ ಎಕ್ಕಿ ಎಂಬ ಮರವನ್ನು ಹೊಸ ಬಾಗಿಲಿಗೆಂದು ಲಾರಿಯಲ್ಲಿ ತಂದಿಳಿಸಿದ.

"ಮೂವತ್ತು ವರ್ಷ ಉಪ್ಪುನೀರಾಗ ನಿಂತೈತಿ. ಒಂದು ಹುಳಾ ಹಲ್ಲು ಹಚ್ಚಿಲ್ಲ."

"ಹುಳದ ಮಾತು ಬಿಡ್ರಿ, ನನ್ನ ಗರಗಸದ ಹಲ್ಲು ನೋಡ್ರಿ," ಎಂದ ಹೊನ್ನೂರಪ್ಪ.

ಬಾಗಿಲು ಇಳಿಸುವ ದಿನ ಬಂತು. ಹಳೆಯ ಬೇವಿನ ಬಾಗಿಲು ಇಳಿಸಿದಾಗೆಲ್ಲ ತೇಲುತ್ತಿತ್ತು. ಕಾಲುವೆ ಕಾಯುವ ಶಫೀಸಾಬ ಅದರ ಮೇಲೆ ಹತ್ತಿ ನಿಂತರೇ ತಳ ಮುಟ್ಟುತ್ತಿತ್ತು. ಈ ಹೊಸದು ಹಗ್ಗ ಬಿಟ್ಟ ಕೂಡಲೇ ಮುನಿಸಿಕೊಂಡವರ ಹಾಗೆ ಹೋಗಿ ತಳದಲ್ಲಿ ಕೂತುಬಿಟ್ಟಿತು.

"ನನ್ನ ನೌಕರಿ ಹೋತು. ಇಷ್ಟು ವರ್ಷ ಉಂಡು ಉಂಡು ತೂಕಾ ಬೆಳಸಿದ್ದು ದಂಡ ಆತಲ್ಲೋ ಹೊನ್ನೂರಾ!" ಎಂದ ಶಫೀಸಾಬ.

ಬಾಗಿಲು ಹಾಕಿದರೆ ನೀರು ಏರಿ, ದಂಡೆಯಲ್ಲಿದ್ದ ಕಲ್ಲಿನ ಬಾಯಿಂದ ವಿರೂಪಾಕ್ಷಮ್ಮನ ಎತ್ತರದ ಗದ್ದೆಗೆ ಹರಿಯಬೇಕು. ಅವಳ ಭತ್ತದ ಸಸಿಗಳ ತುದಿ ಆಗಲೇ ಹಳದಿಯಾಗಿತ್ತು. ಅವಳ ನೀರಿನ ಪಾಳಿ ಇದ್ದದ್ದು ಅಂದು ಹೊತ್ತು ಮುಳುಗುವ ತನಕ. ಮುಂದಿನದು ಎಂಟು ದಿನದ ಮೇಲೆ. ಅಲ್ಲಿಯವರೆಗೆ ಸಸಿ ಉಳಿಯುವಂತಿರಲಿಲ್ಲ.

ನೀರು ಏರಿತು, ಬಾಯಿಗೆ ನಾಲ್ಕು ಬೆರಳು ಕೆಳಗೆ ನಿಂತಿತು. ಬಾಗಿಲಿನ ಐದೂ ಸಂದಿನಿಂದ ನೀರು ಧಾರಾಳವಾಗಿ ಆಚೆ ಹೊರಟಿತ್ತು.

"ತಡೀರಿ, ಕುಡೀಲಿ," ಎಂದ ಹೊನ್ನೂರಪ್ಪ.

ಮಧ್ಯಾಹ್ನ ಸಂದಿಗೆ ಉಳಿ ತೂರಿಸಿದ, ತೂರಿತು. ಹೊತ್ತು ವಾಲಿದ ಮೇಲೂ ತೂರಿತು.

"ರಂಜಾನ್ ರೋಜಾ ಹಿಡದೈತೇನೋ ಇದು?" ಎಂದ ಶಫೀಸಾಬ.

ಹೊನ್ನೂರಪ್ಪನಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಸಮುದ್ರದಲ್ಲಿ ನಿಂತೂ ಉಬ್ಬದ ಮರ ಒಂದು ಹಗಲಿನಲ್ಲಿ ಉಬ್ಬೀತೇ? ಕೊಯ್ಯುವಾಗಲೇ ಗೊತ್ತಾಗಬೇಕಿತ್ತು. ಕೈಗೆ ರೂಢಿ ಇತ್ತು, ಕೈ ಸಂದು ಬಿಟ್ಟಿತ್ತು, ತಲೆಯನ್ನು ಯಾರೂ ಕೇಳಿರಲಿಲ್ಲ.

"ತಪ್ಪು ನಂದವ್ವಾ. ಬೇವಿನ ಲೆಕ್ಕದಾಗ ಸಂದು ಬಿಟ್ಟೆ. ಇದು ಕುಡಿಯೂ ಜಾತಿ ಅಲ್ಲ."

ವಿರೂಪಾಕ್ಷಮ್ಮ ದಂಡೆಯ ಮೇಲೆ ಕೂತು ಬಾಳೆನಾರು ಹೊಸೆಯುತ್ತಿದ್ದಳು. ಆ ಊರಿನ ಹೆಂಗಸರ ಕೈ ಚಿಂತೆ ಬಂದರೂ ನಿಲ್ಲುವುದಿಲ್ಲ. ಬಾಗಿಲು ನೋಡಿದಳು, ಕೈಯಲ್ಲಿದ್ದ ನಾರು ನೋಡಿದಳು.

"ಮರಾ ಕುಡೀಲಿಲ್ಲಂದ್ರ, ಕುಡಿಯೂದನ್ನ ಅದರಾಗ ತುಂಬ್ರಿ ಅಣ್ಣಾ. ನೀರು ಬಿದ್ರ ನನ್ನ ನಾರು ಹೆಂಗ ಉಬ್ಬತೈತಿ ಗೊತ್ತೇನ್ರಿ?"

ಹೊನ್ನೂರಪ್ಪ ಧೋತರ ಎತ್ತಿ ಕಟ್ಟಿ ಎದೆಮಟ್ಟ ನೀರಿಗಿಳಿದ. ಅವಳು ಒಣನಾರಿನ ಎಳೆ ಹೊಸೆದು ಹೊಸೆದು ಕೊಟ್ಟಳು; ಅವನು ಉಳಿಯ ತುದಿಯಿಂದ ಸಂದಿನೊಳಗೆ ಜಡಿದ. ಒಂದು ಸಂದು, ಎರಡು, ಮೂರು. ಶಫೀಸಾಬ ಬಗ್ಗಿ ಬೆರಳಿನಲ್ಲಿ ಅಳೆಯುತ್ತಿದ್ದ: "ಮೂರು ಬೆರಳು... ಎರಡು... ಹೊತ್ತೂ ಎರಡ ಬೆರಳು ಉಳದೈತ್ರೆಪಾ!"

ಐದನೆಯದು ಮುಚ್ಚಿತು. ಕಲ್ಲಿನ ಬಾಯಿಯ ಅಂಚಿನಲ್ಲಿದ್ದ ಒಣ ಎಲೆಯೊಂದು ಕದಲಿತು, ತಿರುಗಿತು, ಗದ್ದೆಯ ಕಡೆ ಜಾರಿತು. ಅದರ ಹಿಂದೆ ನೀರು.

"ಹೋತು! ಹೋತ್ರೀ!" ವಿರೂಪಾಕ್ಷಮ್ಮ ಸೀರೆ ಎತ್ತಿ ಕಟ್ಟಿ ನೀರಿನ ಜೊತೆಗೇ ಸಸಿಮಡಿಗೆ ಓಡಿದಳು.

ಹೊನ್ನೂರಪ್ಪ ದಂಡೆಗೆ ಹತ್ತಿ ಕೂತು ಧೋತರದ ನೀರು ಹಿಂಡಿಕೊಂಡ. ಅಷ್ಟರಲ್ಲಿ ಹಂಪಣ್ಣ ಮೋಟರ್ ಸೈಕಲ್ ಮೇಲೆ ಬಂದ. ಹರಿಯುವ ನೀರನ್ನೂ ಹನಿ ಸೋರದ ಬಾಗಿಲನ್ನೂ ನೋಡಿ ಮೀಸೆ ತೀಡಿದ.

"ನಾ ಹೇಳಿರಲಿಲ್ಲಾ? ಆಫ್ರಿಕಾದ ಮರಾ ಅಂದ್ರ ಏನಂತ ತಿಳದೀರಿ!"

ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ ವಿರೂಪಾಕ್ಷಮ್ಮ ಉಳಿದ ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೌದ್ರಿ ಅಧ್ಯಕ್ಷರ, ಮರಾ ಭಾಳ ಛಲೋ ಐತ್ರಿ."

ಹೊನ್ನೂರಪ್ಪ ಮತ್ತೊಮ್ಮೆ ಬಗ್ಗಿ ಸಂದಿಗೆ ಉಳಿ ಇಟ್ಟ. ತೂರಲಿಲ್ಲ.