ಅರ್ಧ ಹಾಳೆಯ ಫತ್ವಾ

ಗುರುವಾರ ಸಂಜೆ ಐದೂ ಐವತ್ತಕ್ಕೆ ಮುಫ್ತಿ ಹೈದರ್ ತಾವೇ ಬರೆದ ಫತ್ವಾದ ಅರ್ಧ ಭಾಗವನ್ನು ಬೇರೆಯವರ ಮೊಬೈಲಿನಲ್ಲಿ ನೋಡಿದರು.

ದೊಡ್ಡಬಳ್ಳಾಪುರದ ಆ ಮಸೀದಿಯ ಪಕ್ಕದ ಕೋಣೆಯಲ್ಲಿ ಕೂತು ಹನ್ನೊಂದು ವರ್ಷದಿಂದ ಅವರು ಶರೀಯತ್ತಿನ ಪ್ರಶ್ನೆಗಳಿಗೆ ಬರೆದು ಉತ್ತರ ಕೊಡುತ್ತಿದ್ದರು. ಹಾಳೆಯ ಮೇಲರ್ಧದಲ್ಲಿ ಪ್ರಶ್ನೆ, ಕೆಳಗರ್ಧದಲ್ಲಿ ಉತ್ತರ, ಕೊನೆಯಲ್ಲಿ ಮೊಹರು. ಬೀದಿಯವರ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ಆ ಫೋಟೋದಲ್ಲಿ ಇದ್ದದ್ದು ಕೆಳಗರ್ಧ ಮಾತ್ರ.

"ಇದು ನೀವೇ ಬರ್ದಿದ್ದಾ ಸ್ವಾಮಿ?" ಎಂದು ಕೇಳಿದಳು ಬಾಗಿಲಲ್ಲಿ ನಿಂತಿದ್ದ ನರಸಮ್ಮ. ಹತ್ತಿರದ ಮಧುರೆ ಹಳ್ಳಿಯವಳು. ಗಾರ್ಮೆಂಟ್ಸ್‌ನಲ್ಲಿ ಹಮೀದಾ ಎಂಬವಳ ಪಕ್ಕದ ಮಿಷನ್ನಿನಲ್ಲಿ ಆರು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಳು.

"ನನ್ನದೇ."

"ಹಂಗಾದ್ರೆ ಹಮೀದಾನ ಕೆಲ್ಸ ಕಳ್ದಿದ್ದೂ ನೀವೇ ಆಗ್ತೀರ. ಸೋಮವಾರ ಒಂಬತ್ತಕ್ಕೆ ಬರ್ಲಿಲ್ಲ ಅಂದ್ರೆ ಹೆಸ್ರು ಹೊಡೆದು ಹಾಕ್ತೀವಿ ಅಂದವ್ರೆ ಆಫೀಸ್ನೋರು. ಗಂಡ ಸತ್ತ ಅಂತ ಒಂದು ತಿಂಗ್ಳು ರಜ ಕೊಟ್ರು. ಅದು ಮುಗೀತು."

ಹೈದರ್ ರಿಜಿಸ್ಟರ್ ತೆಗೆದರು. ಆರುನೂರ ಹನ್ನೆರಡನೇ ನಂಬರು. ಪ್ರಶ್ನೆ ಕೇಳಿದವನು ಹಮೀದಾಳ ಭಾವ, ಹಾಸಿಗೆ ಅಂಗಡಿಯ ಖಲೀಲ್. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿ ಕಳೆಯಬೇಕಾದ ಇದ್ದತ್ತಿನ ಅವಧಿಯಲ್ಲಿ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದ್ದ. ಕೊನೆಯಲ್ಲಿ ಒಂದು ವಾಕ್ಯ: "ಅವಳ ಮತ್ತು ಮಗಳ ಖರ್ಚನ್ನೆಲ್ಲ ಮೊದಲ ದಿನದಿಂದ ನಾವೇ ನೋಡಿಕೊಳ್ಳುತ್ತಿದ್ದೇವೆ." ಖರ್ಚಿಗೆ ದಾರಿ ಇರುವಾಗ ಹೊರಗೆ ದುಡಿಯಲು ಹೋಗುವ ಅಗತ್ಯವಿಲ್ಲ, ಹೋಗಬಾರದು ಎಂದು ಹೈದರ್ ಉತ್ತರಿಸಿದ್ದರು. ಉತ್ತರದಲ್ಲಿ ತಪ್ಪಿರಲಿಲ್ಲ.

"ಅವಳ ಭಾವ ಖರ್ಚಿಗೆ ಕೊಡ್ತಿದ್ದಾರಲ್ಲಮ್ಮ?"

ನರಸಮ್ಮ ನಕ್ಕುಬಿಟ್ಟಳು. "ಏನ್ ಕೊಟ್ಟವ್ರೆ? ಮೂರನೇ ದಿನ ಒಂದು ಚೀಲ ಅಕ್ಕಿ ಇಳ್ಸಿ ಹೋದೋರು ಈ ಕಡೆ ತಿರುಗಿಲ್ಲ. ಹದಿನೈದು ದಿನದಿಂದ ನಮ್ಮ ಹೊಲಿಗೆ ಲೈನ್‌ನೋರು ಊಟದ ಡಬ್ಬಿ ಕಟ್ಕೊಂಡು ಹೋಗಿ ಕೊಡ್ತಾ ಇದೀವಿ. ನಾ ಮಾಡೋ ಮುದ್ದೆ ಅವ್ಳ ಮಗ್ಳು ಇಕ್ರಾಗೆ ಗಂಟಲಲ್ಲಿ ಇಳಿಯಲ್ಲ, ಆದ್ರೂ ನುಂಗ್ತದೆ."

ಅವಳು ಬ್ಲೌಸಿನೊಳಗಿಂದ ಮಡಿಸಿದ ಹಾಳೆ ತೆಗೆದು ಕೊಟ್ಟಳು. ಹತ್ತನೇ ಕ್ಲಾಸಿನ ಇಕ್ರಾಳ ಕೈಬರಹ, ಕೆಳಗೆ ಹಮೀದಾಳ ಸಹಿ. ಅದೇ ಪ್ರಶ್ನೆ. ಕೊನೆಯ ವಾಕ್ಯ ಮಾತ್ರ ಬೇರೆ: ಖರ್ಚಿಗೆ ಯಾರೂ ಕೊಡುತ್ತಿಲ್ಲ.

ಹೈದರ್ ಅಲ್ಲೇ ಬೇರೆ ಹಾಳೆಯಲ್ಲಿ ಪ್ರಶ್ನೆ ಸಮೇತ ಉತ್ತರವನ್ನು ಎರಡು ಪ್ರತಿ ಬರೆದರು. ದುಡಿಮೆ ಬಿಟ್ಟರೆ ಬೇರೆ ದಾರಿಯಿಲ್ಲದವಳು ಹಗಲು ಕೆಲಸಕ್ಕೆ ಹೋಗಬಹುದು. ರಾತ್ರಿ ತನ್ನ ಮನೆಯಲ್ಲೇ ಇರಬೇಕು. ಗ್ರಂಥಗಳಲ್ಲಿ ಶತಮಾನಗಳಿಂದ ಇರುವ ಮಾತು. ಮೊಹರು ಒತ್ತಿ ಒಂದು ಪ್ರತಿಯನ್ನು ನರಸಮ್ಮನ ಕೈಗೆ ಕೊಟ್ಟರು. ಮುಗಿಯಿತು ಎಂದುಕೊಂಡರು.

ಮುಗಿಯಲಿಲ್ಲ. ಸಂಜೆಯ ಮಗ್ರಿಬ್ ನಮಾಜಾದ ಮೇಲೆ ಅವರೇ ಹಾಸಿಗೆ ಅಂಗಡಿಗೆ ಹೋದರು. ಖಲೀಲ್ ಎದ್ದು ನಿಂತು, ಹತ್ತಿಯ ಧೂಳು ಒರೆಸಿ ಕುರ್ಚಿ ಹಾಕಿದ. ಹೈದರ್ ಕೂರಲಿಲ್ಲ.

"ಪ್ರಶ್ನೆ ಕತ್ತರಿಸಿ ಬರೀ ಉತ್ತರ ಯಾಕೆ ಗ್ರೂಪಿಗೆ ಹಾಕಿದೆ?"

"ಜನಕ್ಕೆ ಬೇಕಾಗಿರೋದು ಉತ್ತರ ತಾನೇ ಹಜ್ರತ್? ಪ್ರಶ್ನೆ ಯಾರು ಓದ್ತಾರೆ?"

"ಖರ್ಚು ನಾವೇ ನೋಡ್ಕೊಳ್ತಿದ್ದೀವಿ ಅಂತ ಬರೆದಿದ್ದೀಯಲ್ಲ, ಏನು ಕೊಟ್ಟೆ?"

"ಕೊಡಲ್ಲ ಅಂದ್ನಾ? ವ್ಯಾಪಾರ ಸ್ವಲ್ಪ ಡಲ್ಲು. ತಮ್ಮ ಸತ್ತು ಇನ್ನೂ ಒಂದೇ ತಿಂಗ್ಳು, ಅವನ ಹೆಂಡ್ತಿ ಫ್ಯಾಕ್ಟರಿ ವ್ಯಾನ್ ಹತ್ತಿ ಹೊರಟ್ಲು ಅಂದ್ರೆ ಬೀದಿಯಲ್ಲಿ ನಾನು ತಲೆ ಎತ್ತೋದು ಹೆಂಗೆ?"

"ಅದಕ್ಕೆ ನನ್ನ ಮೊಹರು ಬೇಕಾಯ್ತಾ?"

ಖಲೀಲ್ ಹೈದರ್ ಚಾಚಿದ ಹೊಸ ಹಾಳೆಯನ್ನು ಬೆಳಕಿಗೆ ಹಿಡಿದು ಓದಿ, ಮೆಲ್ಲಗೆ ಮಡಿಸಿ ಹಿಂದಕ್ಕೆ ಕೊಟ್ಟ. "ಅದೂ ನಿಮ್ದೇ ಮೊಹರು, ಇದೂ ನಿಮ್ದೇ ಮೊಹರು. ಹೋದ ವಾರ ಹೋಗಬಾರದು, ಈ ವಾರ ಹೋಗಬಹುದು. ನಾಳೆ ಇನ್ಯಾರಾದ್ರೂ ಬಂದು ಅತ್ರೆ ಇನ್ನೊಂದು ಬರೀತೀರಾ ಹಜ್ರತ್?"

ಹೈದರರಿಗೆ ಹೇಳಲು ಮಾತು ಬೇಕಾದಷ್ಟಿತ್ತು. ಮುಫ್ತಿ ಸಾಕ್ಷಿ ವಿಚಾರಿಸುವುದಿಲ್ಲ. ಹಾಳೆಯಲ್ಲಿ ಬರೆದದ್ದಕ್ಕೆ ಉತ್ತರ ಕೊಡುತ್ತಾನೆ. ಬರೆದದ್ದು ಸುಳ್ಳಾದರೆ ಪಾಪ ಬರೆದವನದು. ಮದರಸದಲ್ಲಿ ಕಲಿತದ್ದು ಹಾಗೆ, ಹನ್ನೊಂದು ವರ್ಷ ನಡೆಸಿಕೊಂಡು ಬಂದದ್ದೂ ಹಾಗೆಯೇ. ಹಾಸಿಗೆ ಅಂಗಡಿಯಲ್ಲಿ ಅದನ್ನೆಲ್ಲ ಹೇಳಿ ಏನು ಪ್ರಯೋಜನ? ಹೊರಟು ಬಂದರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹಮೀದಾ ಫೋನ್ ಮಾಡಿದಳು.

"ಹಾಳೆ ಸಿಕ್ತು ಹಜ್ರತ್. ನಾನು ಹೋಗಲ್ಲ."

"ಯಾಕಮ್ಮ? ಹೋಗಬಹುದು ಅಂತ ಬರೆದಿದ್ದೀನಲ್ಲ."

"ಹೋಗಬಾರದು ಅಂತಾನೂ ಬರೆದಿದ್ದೀರ. ಅದನ್ನ ಇಡೀ ಬೀದಿ ಓದಿದೆ, ಇದನ್ನ ನಾನೊಬ್ಬಳೇ ಓದಿದ್ದೀನಿ. ನರಸಮ್ಮ ಹೋಗಿ ಅತ್ತು ಬರೆಸ್ಕೊಂಡು ಬಂದ್ಲು ಅಂತ ಆಗಲೇ ಮಾತಾಡ್ತಾ ಇದ್ದಾರೆ. ನಾಳೆ ನನ್ನ ಮಗಳನ್ನ ಕೇಳೋಕೆ ಬರೋರು ಯಾವುದನ್ನ ನೆನಪಿಟ್ಕೊಂಡಿರ್ತಾರೆ? ಮೊದಲನೇದು ತಪ್ಪು ಅಂತ ನೀವು ಎಲ್ಲರೆದುರಿಗೆ ಹೇಳಿ. ಹೋಗ್ತೀನಿ."

"ಉತ್ತರ ತಪ್ಪಲ್ಲಮ್ಮ. ಪ್ರಶ್ನೆ ತಪ್ಪು."



"ನಾನು ಕೂತಿರೋದು ಉತ್ತರದ ಕೆಳಗೆ ಹಜ್ರತ್," ಎಂದು ಹೇಳಿ ಫೋನಿಟ್ಟಳು.

ಹೈದರ್ ಮತ್ತೆ ರಿಜಿಸ್ಟರ್ ತೆರೆದರು. ಖಲೀಲ್ ಪ್ರಶ್ನೆ ತಂದುಕೊಟ್ಟ ದಿನ ಇದೇ ಕೋಣೆಯಲ್ಲಿ ಕಾಲು ಗಂಟೆ ಕೂತಿದ್ದ. ಹಮೀದಾಳ ಮನೆ ಇಲ್ಲಿಂದ ಮೂರನೇ ಬೀದಿ. ಒಂದು ಮಾತು ಕೇಳಬಹುದಿತ್ತು, ಒಂದು ಫೋನ್ ಮಾಡಬಹುದಿತ್ತು. ಮಾಡಿರಲಿಲ್ಲ. ನಿಯಮ ಬೇಡ ಎಂದಿರಲಿಲ್ಲ. ಕೇಳಲೇಬೇಕು ಎಂದಿರಲಿಲ್ಲ, ಅಷ್ಟೇ. ಅವರಿಗೆ ಖಲೀಲನ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಆದರೆ ಅದರಲ್ಲಿ ಅರ್ಧ ತಮ್ಮ ಕಡೆಗೇ ತಿರುಗಿತು.

ಅಂದು ಜುಮಾ ನಮಾಜಿಗೆ ಮೊದಲು ಹತ್ತು ನಿಮಿಷದ ಪ್ರವಚನದಲ್ಲಿ ಅವರು ಬೇರೇನೂ ಹೇಳಲಿಲ್ಲ.

"ಆರುನೂರ ಹನ್ನೆರಡನೇ ಫತ್ವಾವನ್ನು ವಾಪಸ್ ತೆಗೆದುಕೊಂಡಿದ್ದೇನೆ. ನನಗೆ ಬರೆದುಕೊಟ್ಟ ಸಂಗತಿ ನಿಜವಾಗಿರಲಿಲ್ಲ. ವಿಚಾರಿಸದೆ ಮೊಹರು ಒತ್ತಿದ್ದು ನನ್ನ ತಪ್ಪು. ಆ ಹೆಣ್ಣುಮಗಳು ಹಗಲು ಕೆಲಸಕ್ಕೆ ಹೋಗಬಹುದು. ಹೋಗಬಾರದು ಎನ್ನುವವರು ಇವತ್ತೇ ಅವಳ ಮನೆಗೆ ದಿನಸಿ ಹಾಕಿಸಲಿ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಖಲೀಲ್ ನಮಾಜು ಮುಗಿದ ತಕ್ಷಣ ಚಪ್ಪಲಿ ಹುಡುಕಿಕೊಂಡು ಹೋದ. ಕಮಿಟಿಯ ಕಾರ್ಯದರ್ಶಿ ಬಿಲಾಲ್ ಮಾತ್ರ ಹತ್ತಿರ ಬಂದು, "ತಪ್ಪು ಅನ್ನೋ ಪದ ಬೇಡವಾಗಿತ್ತು ಹಜ್ರತ್. ಇನ್ಮೇಲೆ ಪ್ರತಿಯೊಬ್ಬನೂ ಫತ್ವಾ ಬದಲಾಯಿಸಿ ಅಂತ ಬಂದು ಕೂತ್ಕೋತಾನೆ," ಎಂದ.

ಹೈದರ್ ಹೊಸ ಹಾಳೆಯ ಫೋಟೋವನ್ನು ಗ್ರೂಪಿಗೆ ತಾವೇ ಹಾಕಿದರು. ಈ ಸಲ ಪ್ರಶ್ನೆ ಮುಗಿದ ಸಾಲಿನಲ್ಲೇ ಉತ್ತರ ಶುರುವಾಗಿತ್ತು, ಕತ್ತರಿಸಲು ಜಾಗವಿರಲಿಲ್ಲ. ಹಳೆಯ ಫೋಟೋಗೆ ಮೆಚ್ಚುಗೆಯ ನಲವತ್ತಮೂರು ಹೆಬ್ಬೆರಳು ಬಿದ್ದಿದ್ದವು. ಇದಕ್ಕೆ ಸಂಜೆಯವರೆಗೆ ಬಿದ್ದದ್ದು ಎರಡು.

ಶನಿವಾರ ಅರಿಶಿನಕುಂಟೆಯಿಂದ ಗುರುತಿಲ್ಲದವನೊಬ್ಬ ಫೋನ್ ಮಾಡಿದ. "ಗಂಡ ಸತ್ತೋರು ಕೆಲಸಕ್ಕೆ ಹೋಗಬಾರದು ಅಂತ ನಿಮ್ಮ ಫತ್ವಾ ಬಂದಿದೆ ನಮ್ಮ ಗ್ರೂಪಲ್ಲಿ. ನನ್ನ ಸೊಸೆಗೆ ತೋರಿಸ್ಬೇಕು, ಅವಳಿಗೆ ಉರ್ದು ಓದೋಕೆ ಬರಲ್ಲ, ಕನ್ನಡದಲ್ಲಿ ಕಳಿಸ್ತೀರಾ?"

"ಸೊಸೆಯ ಖರ್ಚಿಗೆ ಯಾರು ಕೊಡ್ತಿದ್ದಾರೆ?" ಎಂದು ಹೈದರ್ ಕೇಳಿದರು.

ಅವನು ಫೋನ್ ಇಟ್ಟುಬಿಟ್ಟ. ಮೂರು ಸಲ ತಿರುಗಿ ಮಾಡಿದರೂ ಎತ್ತಲಿಲ್ಲ.

ಸೋಮವಾರ ಎಂಟೂ ಹತ್ತಕ್ಕೆ ಹಮೀದಾ ನರಸಮ್ಮನ ಜೊತೆ ವ್ಯಾನ್ ಹತ್ತಿದಳು. ಒಂಬತ್ತಕ್ಕೆ ಮೊದಲೇ ಗೇಟಿನೊಳಗೆ ಹೋದಳು. ಅವಳ ಮಿಷನ್ನಿನಲ್ಲಿ ಆಗಲೇ ಬೇರೆಯವಳನ್ನು ಕೂರಿಸಿದ್ದರು. ಹಮೀದಾಳನ್ನು ಕಡಿಮೆ ಸಂಬಳದ, ದಾರ ಕತ್ತರಿಸುವ ಟೇಬಲ್ಲಿಗೆ ಹಾಕಿದರು.