ಮೇಲಿನ ಮಹಡಿಯ ಮೆಮೊರಿ

ಪರದೆಯ ಮೇಲೆ ದವಡೆ ಅರ್ಧ ಮೂಡಿ ಮತ್ತೆ ನಿಂತುಹೋಯಿತು. ಬೆಳಗಿನಿಂದ ಇದು ನಾಲ್ಕನೆಯ ಸಲ. ಮೆಮೊರಿ ಸಾಲದು ಎಂದು ಕಂಪ್ಯೂಟರ್ ಕೈಚೆಲ್ಲಿ ಕೂತಿತ್ತು.

ಮನೆಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದ ಆಕೆಯ ಕಸುಬು ಮೂಳೆಗಳ ಮಾದರಿ ಮಾಡುವುದು. ಆಸ್ಪತ್ರೆಯವರು ಸ್ಕ್ಯಾನ್ ಕಳಿಸುತ್ತಾರೆ. ಅದನ್ನು ತಿದ್ದಿ, ಮುಂಗೋಣೆಯ ಪ್ರಿಂಟರಿನಲ್ಲಿ ಅಚ್ಚು ತೆಗೆದು ಕೊಡುತ್ತಾಳೆ. ಈ ದವಡೆ ಒಬ್ಬ ಬಡಗಿಯದು. ಮರುದಿನ ಬೆಳಿಗ್ಗೆ ಎಂಟಕ್ಕೆ ಅವನ ಗಡ್ಡೆ ತೆಗೆಯಬೇಕು. ಆ ಜಾಗಕ್ಕೆ ಕೂರಿಸುವ ಲೋಹದ ಪಟ್ಟಿಯನ್ನು ವೈದ್ಯೆ ಈ ಮಾದರಿಯ ಮೇಲಿಟ್ಟೇ ಬಾಗಿಸುವವರು. ಅಚ್ಚಾಗಲು ಆರು ಗಂಟೆ ಬೇಕು. ಸಂಜೆ ಏಳಕ್ಕೆ ಅದನ್ನು ಒಯ್ಯಲು ನರ್ಸ್ ಬರುತ್ತಾಳೆ. ಈಗ ಹನ್ನೊಂದೂವರೆ.

ಅತ್ತಿಗೆ ವೈದ್ಯೆಗೆ ಫೋನ್ ಮಾಡಿದಳು. "ಸ್ಕ್ಯಾನ್ ಸ್ವಲ್ಪ ಒರಟು ಮಾಡಿದ್ರೆ ತೆರ್ಕೊಳ್ಳುತ್ತೆ, ಮೇಡಂ."

"ಬೇಡ. ನರ ಹೋಗೋ ದಾರಿ ಮಸುಕಾಗುತ್ತೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

"ಆಗುತ್ತೆ," ಎಂದಳು. ಹೇಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಫೋನ್ ಮಾಡಿದ ಮೂರು ಅಂಗಡಿಗಳಲ್ಲೂ ಒಂದೇ ಉತ್ತರ. "ಅದು ಹಳೇ ಜಾತಿ ಮೆಮೊರಿ. ತರಿಸ್ಬೇಕು, ಸೋಮವಾರ ಆಗುತ್ತೆ."

ಅಂಥದ್ದೇ ಕಂಪ್ಯೂಟರ್ ಇನ್ನೊಂದಿತ್ತು, ಮೇಲಿನ ಮಹಡಿಯಲ್ಲಿ, ಗಂಡನ ತಂಗಿಯ ಬಳಿ. ಐದು ವರ್ಷದ ಹಿಂದೆ ಅತ್ತಿಗೆ, ನಾದಿನಿ ಇಬ್ಬರೂ ಒಟ್ಟಿಗೆ ಹೋಗಿ ಒಂದೇ ತರಹದ್ದು ತಂದಿದ್ದರು. ಆದರೆ ಈಗ ಒಂದೂವರೆ ತಿಂಗಳಿಂದ ಮಾತಿಲ್ಲ. ನಾದಿನಿ ಬಸ್ ಓಡಿಸುತ್ತಾಳೆ. ನಸುಕಿನ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾಳೆ. ಕೆಳಗಿನ ಪ್ರಿಂಟರಿನ ಗುಂಯ್‌ಗುಡುವಿಕೆ ತಡೆಯಲಾರದೆ ಒಂದು ದಿನ ಇಳಿದು ಬಂದು ಮೇನ್ ಸ್ವಿಚ್ಚನ್ನೇ ಆರಿಸಿದ್ದಳು. ಮುಗಿಯಲಿದ್ದ ಮಂಡಿಚಿಪ್ಪಿನ ಅಚ್ಚು ಹಾಳಾಯಿತು. "ನಿನಗೆ ಇನ್ನೊಬ್ಬರ ಕಷ್ಟ ಎಲ್ಲಿ ಗೊತ್ತಾಗ್ಬೇಕು," ಎಂದು ಅತ್ತಿಗೆ ಅಂದಿದ್ದಳು.

ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ತೆರೆಯಲು ತಡವಾಯಿತು. ನಾದಿನಿಯ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

"ಈಗ ತಾನೆ ಕಣ್ಣು ಹತ್ತಿತ್ತು. ಏನು?"

ಅತ್ತಿಗೆ ಹೇಳಿದಳು. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಬಡಗಿಯಿಂದಲೇ ಶುರುಮಾಡಿದಳು.

"ಎಷ್ಟು ವಯಸ್ಸು ಅವನಿಗೆ?"

"ಮೂವತ್ತೆಂಟು."

ನಾದಿನಿ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಡಬ್ಬಿ ತಡಕಿದ ಸದ್ದು. "ಸ್ಕ್ರೂಡ್ರೈವರ್ ಸಿಕ್ತು. ಬಾ, ಟಾರ್ಚ್ ಹಿಡಿ."

ಮೆಮೊರಿಯ ಬೆರಳುದ್ದದ ಎರಡು ಹಸಿರು ಪಟ್ಟಿಗಳನ್ನು ಬಿಚ್ಚಿಕೊಂಡು ಇಬ್ಬರೂ ಕೆಳಗಿಳಿದಾಗ ಹನ್ನೆರಡು ದಾಟಿತ್ತು. ಅತ್ತಿಗೆ ತನ್ನ ಕಂಪ್ಯೂಟರಿನ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಮೈಯ ಕರೆಂಟು ಇಳಿಯಲೆಂದು ಲೋಹದ ಚೌಕಟ್ಟು ಮುಟ್ಟಿದಳು. ಹಳೆಯ ಪಟ್ಟಿಗಳ ಪಕ್ಕದ ಎರಡು ಖಾಲಿ ಸೀಳುಗಳಲ್ಲಿ ಹೊಸವನ್ನು ಇಟ್ಟು ಮೆಲ್ಲಗೆ ಒತ್ತಿದಳು. ಗುಂಡಿ ಅದುಮಿದಳು.

ಪರದೆ ಕಪ್ಪಾಗಿಯೇ ಇತ್ತು. ಬೀಪ್, ಬೀಪ್, ಬೀಪ್. ಮತ್ತೆ ಅದೇ.

"ಇದ್ದದ್ದನ್ನೂ ಕಳ್ಕೊಂಡೆ," ಎಂದಳು ಅತ್ತಿಗೆ.

"ಸುಮ್ನಿರು. ಬಸ್ಸು ನಿಂತ್ರೆ ನಾವೇನು ಅಳ್ತಾ ಕೂರ್ತೀವಾ? ಆರಿಸು. ಪ್ಲಗ್ ತೆಗಿ." ನಾದಿನಿ ಮೊಣಕಾಲೂರಿ ಟಾರ್ಚ್ ಬೆಳಕು ಬಿಟ್ಟಳು. "ಇಲ್ನೋಡು, ಸೀಳಿನೊಳಗೆ ಹಿಟ್ಟು ತುಂಬಿದ ಹಾಗಿದೆ."

ಹಿಟ್ಟಲ್ಲ, ಮಾದರಿ ಉಜ್ಜುವಾಗ ಏಳುವ ಬಿಳಿ ಪುಡಿ. ವರ್ಷಗಟ್ಟಲೆ ಒಳಗೆ ಕೂತಿತ್ತು. ಅತ್ತಿಗೆ ಹೊಸ ಟೂತ್‌ಬ್ರಷ್‌ನ ಪೊಟ್ಟಣ ಒಡೆದು ತಂದು, ಉಸಿರು ಬಿಗಿಹಿಡಿದು ಸೀಳು ಗುಡಿಸಿದಳು. ಮತ್ತೆ ಪಟ್ಟಿ ಇಟ್ಟಳು. ಒತ್ತುತ್ತ ಅರ್ಧಕ್ಕೇ ನಿಲ್ಲಿಸಿದಳು.

"ಬೋರ್ಡು ಬಾಗ್ತಾ ಇದೆ. ಮುರಿದ್ರೆ?"

"ನೀನು ಹೂವು ಮುಟ್ಟಿದ ಹಾಗೆ ಮುಟ್ಟಿದ್ರೆ ಅದು ಕೂರಲ್ಲ. ಪಕ್ಕಕ್ಕೆ ಸರಿ." ನಾದಿನಿ ಎರಡೂ ಹೆಬ್ಬೆರಳುಗಳನ್ನು ಪಟ್ಟಿಯ ತುದಿಗಳ ಮೇಲಿಟ್ಟು ನೇರ ಅದುಮಿದಳು. ಟಕ್ ಎಂದು ಎರಡು ಬದಿಯ ಕೊಕ್ಕೆಗಳೂ ಮುಚ್ಚಿಕೊಂಡವು. ಇನ್ನೊಂದೂ ಕೂತಿತು.

ಗುಂಡಿ ಅದುಮಿದಾಗ ಒಂದೇ ಒಂದು ಬೀಪ್. ಪರದೆ ಬೆಳಗಿತು. ಮೆಮೊರಿ ಎಂಟು ಜಿಬಿಯ ಬದಲು ಹದಿನಾರು ಎಂದು ತೋರಿಸಿತು. ಸ್ಕ್ಯಾನಿನ ಪದರಗಳು ಒಂದೊಂದಾಗಿ ಏರಿದವು. ಅರ್ಧಕ್ಕೆ ಬಂದಾಗ ಇಬ್ಬರೂ ಪರದೆಯತ್ತ ಬಾಗಿದರು. ಅರ್ಧ ದಾಟಿತು. ಇಡೀ ದವಡೆ, ಒಳಗೆ ಕೂದಲೆಳೆಯಂತೆ ನರದ ದಾರಿ.

ಪ್ರಿಂಟರ್ ಶುರುವಾದಾಗ ಹನ್ನೆರಡೂ ಮುಕ್ಕಾಲು. "ಗಲಾಟೆ ಆಗುತ್ತೆ ನಿನಗೆ," ಎಂದಳು ಅತ್ತಿಗೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ನಾನೂ ಸ್ವಿಚ್ ಮುಟ್ಟಬಾರದಿತ್ತು." ನಾದಿನಿ ಆಕಳಿಸಿದಳು. "ಹಿಂದಿನ ಅಮ್ಮನ ಕೋಣೇಲಿ ಮಲಗ್ತೀನಿ, ಅಲ್ಲಿಗೆ ಸದ್ದು ಕೇಳಲ್ಲ. ನಾಲ್ಕಕ್ಕೆ ಎಬ್ಬಿಸು."

ನರ್ಸ್ ಬಂದಾಗ ಮಾದರಿ ಇನ್ನೂ ಬೆಚ್ಚಗಿತ್ತು; ಹತ್ತಿಯಲ್ಲಿ ಸುತ್ತಿಕೊಂಡು ಓಡಿದಳು.

ಆಪರೇಷನ್ನಿನ ಮರುದಿನ ಹನ್ನೊಂದರ ಹೊತ್ತಿಗೆ ವೈದ್ಯೆಯ ಫೋನ್ ಬಂತು. ನಾದಿನಿ ಆಗಷ್ಟೇ ಪಾಳಿ ಮುಗಿಸಿ ಬಂದು, ಶೂ ಬಿಚ್ಚುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತಿಗೆ ಹೊರಗೆ ಬಂದಳು.

"ಲೋಹದ ಪಟ್ಟಿ ದವಡೇಲಿ ಸರಿಯಾಗಿ ಕೂತಿತಂತೆ. ಮೂರು ವಾರ ಗಟ್ಟಿ ಏನೂ ತಿನ್ನೋ ಹಾಗಿಲ್ಲ. ಆದ್ರೆ ನರ ಉಳಿದಿದೆ, ಕೆಳತುಟಿ ಮುಟ್ಟಿದ್ರೆ ಅವನಿಗೆ ಗೊತ್ತಾಗ್ತಿದೆಯಂತೆ."

"ಸದ್ಯ," ಎಂದು ನಾದಿನಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.