ಹಿಂದಿನ ಸೀಟಿನಲ್ಲಿ ಮಾವ

ಭಾನುವಾರ ಬಂತೆಂದರೆ ಅಳಿಯ ಇಬ್ಬರೂ ಒಟ್ಟಿಗೆ ತುಳಿಯುವ ಜೋಡಿ ಸೈಕಲ್ಲನ್ನು ಹೊರಗೆಳೆದು, ಎರಡೂ ಚಕ್ರಕ್ಕೆ ಗಾಳಿ ಹೊಡೆದು, ಮಾವನ ಕೈ ಹಿಡಿದು ಹಿಂದಿನ ಸೀಟಿನ ಮೇಲೆ ಕೂರಿಸುತ್ತಿದ್ದ. ಅಳಿಯ ಅಂದರೆ ಇಂಥವನಿರಬೇಕು ಎಂದು ಬೀದಿಯವರೆಲ್ಲ ಹಾಡಿ ಹೊಗಳುತ್ತಿದ್ದರು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಹೊಟ್ಟೆಯೊಳಗಿನ ವಿಷ ಬೀದಿಯವರಿಗೆ ಹೇಗೆ ಕಾಣಬೇಕು?

ಮಾವನಿಗೆ ಎರಡೂ ಕಣ್ಣು ಹೋಗಿದ್ದವು. ಮಗಳಿಗೆ ಮೊಣಕಾಲು ನೋವು, ಸೈಕಲ್ಲಂತೂ ಬಾರದು. ವಾರವಿಡೀ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವರು ಕಾಯುತ್ತಿದ್ದುದು ಈ ಒಂದು ಬೆಳಗಿಗೆ. ಕೆರೆಯ ಸುತ್ತಿನ ಹಾದಿಯಲ್ಲಿ ಒಂದು ಪಕ್ಕ ನೀರು, ಜೊಂಡು, ನೀರುಕೋಳಿ. ಇನ್ನೊಂದು ಪಕ್ಕ ಹಳೇ ಕಾಲದ ಸಿರಿವಂತರ ಬಂಗಲೆಗಳು. ಅವುಗಳಲ್ಲೆಲ್ಲ ದೊಡ್ಡದೊಂದರಲ್ಲಿ ಮಾವ ಜೀವಮಾನವಿಡೀ ಮಾಲಿಯಾಗಿದ್ದವರು. ಅದರ ಗೇಟಿನಿಂದ ಕೆರೆಯ ತಿರುವಿನವರೆಗೆ ನಿಂತ ಸಾಲುಮರಗಳನ್ನು ಅವರೇ ನೆಟ್ಟು, ನೀರು ಹೊತ್ತು ಬೆಳೆಸಿದ್ದರು. ತಿರುವಿನ ಒಂಟಿ ಮರದ ಕೆಳಗೆ ಅತ್ತೆ ಬುತ್ತಿ ಹಿಡಿದು ಕಾಯುತ್ತಿದ್ದರಂತೆ.

ಅಳಿಯ ಲಿಫ್ಟ್ ರಿಪೇರಿ ಮಾಡುವವನು. ಹೆಣ್ಣು ನೋಡಲು ಬಂದ ದಿನ, ಎರಡೂ ಕಡೆಯ ನೆಂಟರು ತುಂಬಿದ್ದ ಕೋಣೆಯಲ್ಲಿ, ಮಾವ ಮೀಸೆ ತಿರುವುತ್ತಾ ಅಂದಿದ್ದರು: "ಹುಡುಗ ದಿನವೆಲ್ಲ ಮೇಲೆ ಕೆಳಗೆ ಓಡಾಡ್ತಾನೆ, ನಿಜ. ಆದ್ರೆ ಮುಂದಕ್ಕೆ ಹೋಗೋದು ಯಾವಾಗ?" ಕೋಣೆಗೆ ಕೋಣೆಯೇ ನಕ್ಕಿತು. ಅವನ ಸ್ವಂತ ಅಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನೆಂಟರ ನಡುವೆ ಅವನ ಹೆಸರೇ 'ಮೇಲೆಕೆಳಗೆ' ಎಂದಾಯಿತು. ಮಾವ ಆ ಮಾತನ್ನು ಅವತ್ತೇ ಮರೆತರು. ಇವನು ಇವತ್ತಿಗೂ ಮರೆತಿರಲಿಲ್ಲ.

ಜೋಡಿ ಸೈಕಲ್ಲಿನಲ್ಲಿ ಹಿಂದಿನವನ ಕೈಯಲ್ಲಿ ಏನೂ ಇರುವುದಿಲ್ಲ. ಬ್ರೇಕೂ ಮುಂದೆ, ದಾರಿಯೂ ಮುಂದೆ. ಅದಕ್ಕೇ ಮುಂದಿನವನು ಗುಂಡಿ ಬಂದರೆ ಗುಂಡಿ, ತಿರುವು ಬಂದರೆ ತಿರುವು ಎಂದು ಕೂಗಿ ಹೇಳಬೇಕು. ಹಿಂದಿನವನು ಅದನ್ನು ನಂಬಬೇಕು. ಮೊದಮೊದಲು ಅಳಿಯ ಎಲ್ಲವನ್ನೂ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ಒಂದು ಭಾನುವಾರ ಬಂಗಲೆಯ ಗೇಟು ದಾಟುವಾಗ ಅವನ ಬಾಯಿಂದ ಅದು ಹೇಗೋ ಬಂದುಬಿಟ್ಟಿತು.

"ಮಾವ, ಗೇಟಿನ ಪಕ್ಕದ ಮರ ಕಡಿದಿದ್ದಾರೆ. ಬರೀ ಬುಡ ಉಳಿದಿದೆ."

ಮರ ಎದುರಿಗೇ ಮೈತುಂಬ ಎಲೆ ಹೊತ್ತು ನಿಂತಿತ್ತು. ಹೇಳಿದವನೇ ಅಳಿಯ ಸಿಳ್ಳೆ ಹಾಕಿದ. ಎರಡು ಜೊತೆ ಪೆಡಲಿಗೂ ಚೈನು ಒಂದೇ ನೋಡಿ, ಮಾವನ ಕಾಲು ಸೋತದ್ದು ಇವನ ಕಾಲಿಗೆ ಗೊತ್ತಾಯಿತು. ಒಬ್ಬ ಮುದುಕನ ದುಃಖವನ್ನು ಹೀಗೆ ಅಂಗಾಲಿನಲ್ಲಿ ಅಳೆಯಬಹುದೆಂದು ಅವನಿಗೆ ಅವತ್ತೇ ತಿಳಿದದ್ದು. ಖುಷಿಯಾಯಿತು, ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು.

ಮುಂದಿನ ವಾರ ಇನ್ನೊಂದು ಮರ ಬಿತ್ತು. ಅದರ ಮುಂದಿನ ವಾರ ಮತ್ತೊಂದು. ಬಂಗಲೆ ಕೊಂಡ ಹೊಸಬನಿಗೆ ಕಾರು ನಿಲ್ಲಿಸಲು ಜಾಗ ಬೇಕಂತೆ ಎಂದು ಒಗ್ಗರಣೆ ಬೇರೆ. ಮಾವ ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆಯುತ್ತಿದ್ದರು, ಕಾಲು ಸೋಲುತ್ತಿತ್ತು. ಅಳಿಯ ವಾರವಿಡೀ ಲಿಫ್ಟಿನ ಕತ್ತಲ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು ನಿಂತು, ಬರುವ ಭಾನುವಾರ ಯಾವ ಮರ ಬೀಳಬೇಕೆಂದು ಯೋಚಿಸುತ್ತಿದ್ದ.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತಾ ಅಂದಳು: "ರೀ, ಈ ಸಲ ಸಾಲುಮರ ಎಷ್ಟು ದಟ್ಟವಾಗಿದೆಯಂತೆ! ಗೇಟಿನಿಂದ ತಿರುವಿನವರೆಗೂ ಮುಖಕ್ಕೆ ಒಂದು ಚೂರು ಬಿಸಿಲು ಬೀಳಲಿಲ್ಲ ಅಂತ ಅಪ್ಪ ಹೇಳ್ತಾ ಇದ್ರು."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ನೆರಳಿಗೆ ಕಣ್ಣು ಬೇಕಿಲ್ಲ ಅನ್ನುವ ಸಣ್ಣ ವಿಷಯ ಈ ಮಹಾಶಯನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮುದುಕ ನನ್ನನ್ನೇ ಆಡಿಸಿದ ಎಂದು ಮೈ ಉರಿಯಿತು.

ಆ ಭಾನುವಾರ ಅವನು ಸೀದಾ ತಿರುವಿಗೆ ಬಂದ.

"ಮಾವ, ನಿಮ್ಮ ಒಂಟಿ ಮರ. ಅತ್ತೆ ಕೂರ್ತಿದ್ದದ್ದು. ಅದೂ ಹೋಯ್ತು."

ಕಾಲು ಸೋತಿತು, ಎಂದಿನ ಹಾಗೇ. "ಅಯ್ಯೋ, ಅದನ್ನೂ ಬಿಡಲಿಲ್ವಾ," ಎಂದು ಮಾವ ಕರವಸ್ತ್ರ ತೆಗೆದರು.

ಅಳಿಯ ಬ್ರೇಕ್ ಒತ್ತಿ ಸೈಕಲ್ಲನ್ನು ಆ ಮರದ ನೆರಳಿನಲ್ಲೇ ನಿಲ್ಲಿಸಿದ. "ಯಾರ ಮುಂದೆ ಈ ನಾಟಕ? ನಿಮಗೆ ಎಲ್ಲಾ ಗೊತ್ತು. ಒಂದು ಮರಾನೂ ಬಿದ್ದಿಲ್ಲ ಅಂತ ಮೊದಲಿನಿಂದ್ಲೂ ಗೊತ್ತು."

ಮಾವ ಒಂದು ಕಾಲು ನೆಲಕ್ಕೂರಿ ನಿಂತರು. "ಗೊತ್ತು," ಅಂದರು.

"ಮತ್ತೆ ಅತ್ತಿದ್ದು ಯಾಕೆ?"

"ಮೊದಲನೇ ಸಲ, ನೆರಳಿದೆಯಲ್ಲಪ್ಪಾ ಅಂತ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೀವು ಸಿಳ್ಳೆ ಹಾಕಿದ್ರಿ. ಮದುವೆ ಆದಾಗಿನಿಂದ ನೀವು ಸಿಳ್ಳೆ ಹಾಕಿದ್ದು ನಾನು ಕೇಳಿರಲಿಲ್ಲ." ಮಾವ ಕರವಸ್ತ್ರವನ್ನು ನೀಟಾಗಿ ಮಡಿಚಿದರು. "ನಾನು ಅಳದೇ ಇದ್ದಿದ್ರೆ, ಮುಂದಿನ ವಾರ ಕರ್ಕೊಂಡು ಬರ್ತಿದ್ರಾ?"

ಬರುತ್ತಿರಲಿಲ್ಲ. ಅದು ಅಳಿಯನಿಗೂ ಗೊತ್ತಿತ್ತು. ಸಿಟ್ಟು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ತಲೆ ಎತ್ತಿ ಮರವನ್ನು ನೋಡಿದ. ಕಂಡದ್ದನ್ನೇ ಹೇಳಿದ.

"ಮಾವ, ಮರ ಇದೆ. ಚಿಗುರಿದೆ. ಕೊಂಬೆ ನೀರಿನವರೆಗೂ ಬಾಗಿದೆ."

"ಆಗಲಿ ಅಳಿಯಂದಿರೇ. ನೀವು ಇದೆ ಅಂದ್ರೆ ಇದೆ," ಅಂದರು ಮಾವ, ವಿಧೇಯ ದನಿಯಲ್ಲಿ. ಆಮೇಲೆ ಸ್ವಲ್ಪ ಅಂಜಿಕೆಯಿಂದ ಮುಖ ಎತ್ತಿ ಕೇಳಿದರು: "ಈಗ ನಾನು ನಗಬೇಕಾ?"